ತೋಳಕ್ಕನ ಮನೆ

ಬೇವಿನ ಕಡ್ಡಿ ಕಚ್ಚಿಕೊಂಡು ಹಿತ್ತಲಲ್ಲಿ ನಿಂತಿದ್ದ ಭಗವಂತರಾಯನಿಗೆ ಮೋಟುಗೋಡೆಯಾಚೆಯಿಂದ ಸುಗಲಮ್ಮನ ಮಾತು ಕೇಳಿಸುತ್ತಿತ್ತು. ಕೇಳಿಸುತ್ತಿತ್ತು ಅಷ್ಟೆ, ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವನ ತಲೆಯೊಳಗೆ ಸಂಜೆ ಐದರ ಕನ್ನಡ ಕ್ಲಾಸು ಆಗಲೇ ಬಂದು ಕೂತಿತ್ತು. ಶಹಾಪುರದ ತಹಸೀಲು ಕಚೇರಿಯಲ್ಲಿ ಸಾಹೇಬರ ಮುಂದೆ ಕಾಗದಪತ್ರ ಇಡುವ ಪೇಶಕಾರನಾಗಿ ಹದಿನೆಂಟು ವರ್ಷ ಸವೆಸಿದವನು ಅವನು. ಅವನು ಉರ್ದುವಿನಲ್ಲಿ ಬರೆದ ಒಂದು ಅರ್ಜಿಯನ್ನು ಗುಲಬರ್ಗಾದ ಸಾಹೇಬರೊಬ್ಬರು ಎರಡು ಸಲ ಓದಿಸಿ ಕೇಳಿ ‘ವಾಹ್’ ಅಂದದ್ದುಂಟು. ಕನ್ನಡ ರಾಜ್ಯ ಒಂದಾಗಿ ವರ್ಷ ತುಂಬುವುದರೊಳಗೆ ಅದೇ ಮನುಷ್ಯ ಸಣ್ಣ ಮಕ್ಕಳ ಶಾಲೆಯ ಗೋಣಿತಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪಾಟಿಯ ಮೇಲೆ ಅ, ಆ ತೀಡಬೇಕಾಗಿ ಬಂದಿತ್ತು. ಹುಟ್ಟಿದ್ದು ಕನ್ನಡದಲ್ಲಿ, ಬೈಸಿಕೊಂಡು ಬೆಳೆದದ್ದು ಕನ್ನಡದಲ್ಲಿ, ಹೆಂಡತಿ ಸತ್ತಾಗ ಅತ್ತದ್ದೂ ಕನ್ನಡದಲ್ಲೇ. ಅಕ್ಷರ ಮಾತ್ರ ಗೊತ್ತಿಲ್ಲ. ನಿಜಾಮರ ಕಾಲದ ಶಾಲೆಯಲ್ಲಿ ಕಲಿಸಿದ್ದು ಉರ್ದು. ‘ಕನ್ನಡ ಮನ್ಯಾಗ ಬರ್ತದ, ಸಾಲ್ಯಾಗ ಅನ್ನ ಕೊಡೋದು ಕಲಿ’ ಅಂದಿದ್ದ ಅಪ್ಪ. ಅಪ್ಪನ ಮಾತು ಸುಳ್ಳಾಗಲಿಲ್ಲ, ಹದಿನೆಂಟು ವರ್ಷ ಅನ್ನ ಕೊಟ್ಟಿತು.

“ರಾಯ್ರ, ಮತ್ತ ಬಂದಿತ್ತರಿ ಅದು,” ಎಂದು ಸುಗಲಮ್ಮ ಗೋಡೆಯ ಮೇಲೆ ಮುಖ ತೋರಿಸಿದಳು.

“ಯಾವುದು?”

“ತೋಳರಿ. ಮೊನ್ನಿ ಒಂದು ಮರಿ, ನಿನ್ನಿ ಒಂದು ಮರಿ. ಮುಳ್ಳಿನ ಬೇಲಿ ಹಾರ್ಯಾದ. ಹೆಜ್ಜಿ ನೋಡಬರ್ರಿ ಬೇಕಾದ್ರ, ನನ್ನ ಅಂಗೈ ಅಷ್ಟ ಅವ. ನಾಯಿ ಸೈತ ಬಾಯಿ ತಗೀಲಿಲ್ಲ ನೋಡ್ರಿ, ಅಷ್ಟ ಅಂಜ್ಯಾದ.”

“ವೆಂಕಪ್ಪಗ ಹೇಳಬೇಕಿಲ್ಲ?”

“ಅಂವ ಕುರಿ ಹೊಡಕೊಂಡು ರಾಮಸಮುದ್ರದ ಕಡಿ ಹೋಗ್ಯಾನರಿ. ಬರೋದು ಇನ್ನ ಎಂಟ ದಿನ ಅದ.”

ಹಿಂದಿನ ಹಟ್ಟಿ ಸುಗಲಮ್ಮನದು. ದೊಡ್ಡ ಕುರಿಗಳೆಲ್ಲ ಗಂಡ ವೆಂಕಪ್ಪನ ಹಿಂದೆ ಹುಲ್ಲಿದ್ದಲ್ಲಿಗೆ ಹೋದರೆ, ಅಷ್ಟು ದೂರ ನಡೆಯಲಾರದ ಎಳೆ ಮರಿಗಳನ್ನೂ ಹಾಲೂಡುವ ಒಂದೆರಡು ಕುರಿಗಳನ್ನೂ ಅವಳು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಹಗಲು ಹೊತ್ತು ಮರಿಗಳ ಮೇಲೆ ದೊಡ್ಡ ಬಿದಿರು ಬುಟ್ಟಿ ಕವುಚಿ ಹಾಕಿ, ಮೇಲೊಂದು ಕಲ್ಲು. ಕಲ್ಲಿನ ಬದಲು ಬಹಳ ಸಲ ಅವಳ ನಾಲ್ಕು ವರ್ಷದ ಮಗಳು ಮೌನಮ್ಮ ಬುಟ್ಟಿಯ ಮೇಲೆ ಕೂತಿರುತ್ತಿದ್ದಳು. ಹೆಸರು ಮೌನಮ್ಮ, ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ. ಭಗವಂತರಾಯ ಬಾಯಿ ಮುಕ್ಕಳಿಸಿ, ‘ಹುಷಾರಾಗಿರವ್ವ’ ಎಂದು ಸರ್ಕಾರಿ ಧಾಟಿಯಲ್ಲಿ ಒಂದು ಮಾತು ಒಗೆದು ಒಳಗೆ ಹೋದ. ತೋಳ ತಿಂದದ್ದು ಅವನ ಮರಿಯಲ್ಲ. ಅವನನ್ನು ತಿನ್ನುತ್ತಿದ್ದದ್ದು ಬೇರೆ.

ಕೋಟು ಹಾಕಿಕೊಂಡು ಹೊರಬಿದ್ದಾಗ ಮಗಳು ರೇಣಿ ಹೊಸ್ತಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಮೌನಿ ಅವಳ ಭುಜಕ್ಕೆ ಗಲ್ಲ ಆನಿಸಿ ಚಿತ್ರ ನೋಡುತ್ತಿದ್ದಳು. “ಅಪ್ಪಾ, ತೋಳಕ್ಕನ ಮನಿ ನಮ್ಮ ಗುಡ್ಡದಾಗೂ ಅದ ಏನು?” ಎಂದು ಏಳು ವರ್ಷದ ರೇಣಿ ಕೇಳಿದಳು. ತಡವಾಗಿತ್ತು. ಭಗವಂತರಾಯ ಚಪ್ಪಲಿಯಲ್ಲಿ ಕಾಲು ತೂರಿಸುತ್ತಲೇ ಓಣಿಯ ಕೊನೆಗೆ ಎದ್ದು ನಿಂತ ಗುಡ್ಡದ ಕಡೆ ಕೈ ಚಾಚಿ, “ಅದ ಅಲ್ಲೇನವ್ವ, ಅಕಾ, ಆ ಎರಡು ದೊಡ್ಡ ಕಲ್ಲು ಕಾಣತಾವಲ್ಲ, ಅದರ ನಡುವ,” ಎಂದ. ಇಬ್ಬರು ಹುಡುಗಿಯರೂ ಅವನ ಬೆರಳಿನ ಗುರಿ ಹಿಡಿದು ನೋಡಿದರು. ಅವರ ಕಣ್ಣು ಅರಳಿದ್ದನ್ನು ನೋಡಿ ಅವನಿಗೆ ಆ ಮುಂಜಾನೆಯಲ್ಲಿ ಅದೊಂದೇ ಗಳಿಗೆ ಹಿತ ಅನ್ನಿಸಿತು.

ಆ ಪುಸ್ತಕ ಮನೆಗೆ ಬಂದದ್ದು ನಾಲ್ಕು ತಿಂಗಳ ಹಿಂದೆ. ಅವ್ವ ಸತ್ತ ಮೇಲೆ ರೇಣಿ ಮಾತು ಬಿಟ್ಟಿದ್ದಳು. ಹೂಂ, ಉಹೂಂ, ಅಷ್ಟೆ. ಗಂಡನನ್ನು ಕಳೆದುಕೊಂಡು ತಮ್ಮನ ಮನೆ ನಡೆಸಲು ಬಂದಿದ್ದ ಅಕ್ಕ ಗುರುಲಿಂಗಮ್ಮ ಹುಡುಗಿಯನ್ನು ಅಬ್ಬೆತುಮಕೂರಿನ ಮಠದವರೆಗೂ ಕರೆದೊಯ್ದು ಭಸ್ಮ ಹಚ್ಚಿಸಿಕೊಂಡು ಬಂದಿದ್ದಳು, ಏನೂ ಆಗಿರಲಿಲ್ಲ. ಒಂದು ಸಂಜೆ ಹುಡುಗಿ ಶಾಲೆಯಿಂದ ರಟ್ಟು ಕಿತ್ತುಹೋದ ಚಿತ್ರದ ಪುಸ್ತಕವೊಂದನ್ನು ತಂದು ಅವನ ತೊಡೆಯ ಮೇಲಿಟ್ಟು, “ಓದು” ಅಂದಳು. ತಿಂಗಳುಗಟ್ಟಲೆಯ ನಂತರ ಬಂದ ಮೊದಲ ಮಾತು. ಅದಕ್ಕೆ ‘ನನಗ ಬರಂಗಿಲ್ಲವ್ವ’ ಅನ್ನುವ ಎದೆ ಯಾವ ಅಪ್ಪನಿಗಿದೆ? ಅವನು ಪುಸ್ತಕ ಎತ್ತಿಕೊಂಡ. ಮೂವತ್ತೈದು ವರ್ಷ ಉರ್ದು ಪುಸ್ತಕ ತೆರೆದ ಕೈ ಅದು, ತನ್ನ ರೂಢಿಯಂತೆ ಬಲಗಡೆಯಿಂದ ತೆರೆಯಿತು. ನಮ್ಮ ನಿಮ್ಮ ಕೈಗೆ ಯಾವುದು ಕಡೆಯ ಹಾಳೆಯೋ ಆ ಕೈಗೆ ಅದೇ ಮೊದಲನೆಯದು. ತಾಯಿಕುರಿ ಮರಿಯ ಮೈ ನೆಕ್ಕುತ್ತಿತ್ತು. ಆಮೇಲೆ ಮುಳ್ಳಿನ ಬೇಲಿ. ಆಮೇಲೆ ಒಬ್ಬ ಹುಡುಗಿ ಮರಿಯನ್ನು ಎದೆಗವಚಿಕೊಂಡು ನಡೆಯುತ್ತಿದ್ದಳು. ಹುಣಸೆಮರ, ಮರದ ಕೆಳಗೆ ನಾಯಿ, ಹಳ್ಳ, ಕಲ್ಲಿನ ಗುಡ್ಡ. ಅಕ್ಷರ ಬರದಿದ್ದರೇನು, ಕಣ್ಣಿಲ್ಲವೇ? ತಾಯಿ ಒಂದು ದಿನ ಮರಿಗೆ ಊರು ನೋಡಿ ಬಾ ಅಂದಳು, ಹುಡುಗಿ ಅದನ್ನು ಎತ್ತಿಕೊಂಡು ಹೊರಟಳು, ನಾಯಿ ದಾರಿ ತೋರಿಸಿತು ಎಂದು ಅವನ ಬಾಯಿ ತಾನಾಗಿ ಕಥೆ ಹೆಣೆಯತೊಡಗಿತು. ಗುಡ್ಡದ ಚಿತ್ರದಲ್ಲಿ ಮಾತ್ರ ಅವನು ತಡವರಿಸಿದ. ಮರಿ ಮುಂದೆ, ತೋಳ ಹಿಂದೆ. ಮರಿಯ ಮುಖ ಕೆಳಗೆ, ಊರಿನ ಕಡೆ ಇತ್ತು. ಮೇಲೆ ಹೋಗುವ ಮರಿಗೆ ಮುಖ ಕೆಳಗೇಕೆ? “ಆಟ ಆಡಾಕತ್ತಾವ,” ಎಂದು ಬೇಗ ಬೇಗ ಹಾಳೆ ತಿರುವಿದ. ಕಡೆಯ ಚಿತ್ರದಲ್ಲಿ ಎರಡು ಬಂಡೆಗಳ ನಡುವೆ ಗವಿ, ಗವಿಯ ಬಾಯಲ್ಲಿ ನಾಲಿಗೆ ಚಾಚಿದ ತೋಳ, ಎದುರಿಗೆ ಮರಿ. ಕೆಳಗೆ ಸೊನ್ನೆಯಂಥ ಒಂದು ಗುರುತು. ಕಥೆ ಮುಗಿಯಿತು ಅನ್ನುವುದಕ್ಕೇ ಇರಬೇಕು ಅಂದುಕೊಂಡ.

“ಇದು ತೋಳಕ್ಕನ ಮನಿ,” ಎಂದಿದ್ದ ಅವತ್ತು. “ತೋಳಕ್ಕಗ ಮಕ್ಕಳಿಲ್ಲ, ಯಾರಿಲ್ಲ, ಒಬ್ಬಾಕಿ. ಮರಿ ಬಂತಲ್ಲ, ಅದಕ್ಕ ನಗಾಕತ್ತಾಳ.”

“ಮರಿ ಅಂಜಂಗಿಲ್ಲೇನು?”

“ಯಾಕಂಜಬೇಕು? ಮನಿಗಿ ಬಂದವರಿಗಿ ಯಾರರ ಏನರ ಮಾಡತಾರೇನು? ರೊಟ್ಟಿ ಒಯ್ದಾದ ಮರಿ, ಇಬ್ಬರೂ ಕೂಡಿ ತಿಂತಾರ.”

ರೇಣಿ ನಕ್ಕಳು. ಒಳಗಿನಿಂದ ಗುರುಲಿಂಗಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತುಬಿಟ್ಟಳು. ಅಂದಿನಿಂದ ಒಂದು ಸಂಜೆಯೂ ತಪ್ಪಲಿಲ್ಲ. ಅವನ ತೋಳಿಗೆ ತಲೆ ಒರಗಿಸಿ, ಚಿತ್ರದ ಮೇಲೆ ಬೆರಳಿಟ್ಟು, ಇದೇನು ಅದ್ಯಾಕೆ ಎಂದು ಕೇಳಿ ಕೇಳಿ ಹುಡುಗಿಗೆ ಮಾತು ಬಂತು, ಹಸಿವೆ ಬಂತು, ಓಣಿಯ ಮಕ್ಕಳೊಡನೆ ಜಗಳ ಬಂತು. ನಾಯಿಗೆ ಒಂದು ಹೆಸರು, ಹುಣಸೆಮರಕ್ಕೆ ಒಂದು ಹೆಸರು ಇಟ್ಟಳು. “ದೇವರು ಬಂದಂಗ ಬಂದದ ನೋಡು ತಮ್ಮಾ ಆ ಪುಸ್ತಕ,” ಅನ್ನುತ್ತಿದ್ದಳು ಅಕ್ಕ. ಭಗವಂತರಾಯನಿಗೂ ಹಾಗೇ ಅನ್ನಿಸುತ್ತಿತ್ತು, ಜೊತೆಗೆ ಕದ್ದ ಮಾಲು ಮನೆಯಲ್ಲಿಟ್ಟುಕೊಂಡವನ ಅಳುಕೂ ಇರುತ್ತಿತ್ತು. ಚಿತ್ರಗಳ ಕೆಳಗಿನ ಎರಡೆರಡು ಸಾಲುಗಳಲ್ಲಿ ಏನು ಬರೆದಿದೆಯೋ. ಒಂದೇ ಒಂದು ಸಲ ಲಾಲಪ್ಪನಿಗೆ ತೋರಿಸಿದ್ದರೆ ಓದಿ ಹೇಳುತ್ತಿದ್ದ. ಲಾಲಪ್ಪ ಕಚೇರಿಯ ಜವಾನ. ಭಜನೆಯವರ ಜೊತೆ ಕೂತು ಕೂತು ಕನ್ನಡ ಕಲಿತವನು. ಅವನಿಗೇ ಕೇಳಬಾರದು ಅನ್ನುವುದಕ್ಕೆ ಕಾರಣವಿತ್ತು. ಹೆಂಡತಿ ವಿಜಾಪುರದ ಕಡೆಯವಳು, ಓದು ಬರಹ ಬಲ್ಲವಳು. ತವರಿನಿಂದ ಅವಳು ಬರೆದ ಕಾಗದಗಳನ್ನೆಲ್ಲ ಲಾಲಪ್ಪನೇ ಓದಿ ಹೇಳಬೇಕಿತ್ತು. ಕೊನೆಯ ಕಾಗದವನ್ನು ಮಾತ್ರ ಭಗವಂತರಾಯ ನಾಲ್ಕು ದಿನ ಕೋಟಿನ ಜೇಬಿನಲ್ಲೇ ಇಟ್ಟುಕೊಂಡ, ಹೆಂಡತಿಯ ಮಾತು ಜವಾನನ ಬಾಯಲ್ಲಿ ಕೇಳಲು ಮನಸ್ಸಾಗದೆ. ‘ಜ್ವರ ಬಿಡವಲ್ದು, ಲಗೂನ ಬರ್ರಿ’ ಅಂತ ಇತ್ತು ಅದರಲ್ಲಿ. ಅವನು ಲಗೂನ ಹೋಗಲಿಲ್ಲ. ಇದನ್ನು ಅವನು ಯಾರಿಗೂ ಹೇಳಿಲ್ಲ. ಲಾಲಪ್ಪನೂ ಹೇಳಿಲ್ಲ, ಆದರೆ ಲಾಲಪ್ಪನಿಗೆ ಗೊತ್ತಿದೆ.

ಕಚೇರಿಯಲ್ಲಿ ಆ ದಿನ ಎಂಥದೂ ನಡೆಯಲಿಲ್ಲ. ಹೊಸದಾಗಿ ಬಂದ ಕನ್ನಡದ ಸುತ್ತೋಲೆಯೊಂದು ಮೇಜಿನಿಂದ ಮೇಜಿಗೆ ಹೋಗುತ್ತ ಅವನ ಮುಂದೆ ಬಂದಾಗ, ಓದಿದವನಂತೆ ಹುಬ್ಬು ಗಂಟಿಕ್ಕಿ ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿ ಮುಂದಕ್ಕೆ ತಳ್ಳಿದ. ಕಿರಿಯ ಗುಮಾಸ್ತನೊಬ್ಬ ಅದನ್ನು ಸದ್ದಿಲ್ಲದೆ ತಿರುಗಿಸಿ ನೆಟ್ಟಗೆ ಮಾಡಿಕೊಂಡದ್ದನ್ನು ಕಂಡೂ ಕಾಣದಂತೆ ಕೂತ. ತಾನು ಹಾಳೆಯನ್ನು ತಲೆಕೆಳಗಾಗಿ ಹಿಡಿದಿದ್ದೆನೇ, ಅಥವಾ ಆ ಹುಡುಗ ಸುಮ್ಮನೆ ತಿರುಗಿಸಿದನೇ? ಮಧ್ಯಾಹ್ನವೆಲ್ಲ ಅದನ್ನೇ ಯೋಚಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿಗೆ ಬಂದು ಹದಿನೈದು ದಿನವಾಗಿತ್ತು, ಕ್ಲಾಸು ಶುರುವಾದಂದಿನಿಂದ.

ಐದಕ್ಕೆ ಶಾಲೆಗೆ ಹೋದಾಗ ಉಳಿದ ಗುಮಾಸ್ತರೆಲ್ಲ ತಟ್ಟಿನ ಮೇಲೆ ಕೂತಿದ್ದರು. ಧಾರವಾಡದ ಕಡೆಯಿಂದ ಬಂದಿದ್ದ ಮಾಸ್ತರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಒಳ್ಳೆಯವನು; ದೊಡ್ಡವರಿಗೆ ಕಲಿಸುವಾಗ ಕೋಲನ್ನು ಮೂಲೆಯಲ್ಲಿಡುತ್ತಿದ್ದ. “ಇವತ್ತ ಪಾಟಿ ಸಾಕರಿ,” ಎಂದ. “ಮಕ್ಕಳ ಚಿತ್ರದ ಪುಸ್ತಕ ತಂದೀನಿ. ಮನ್ಯಾಗ ಕೂಸುಗಳನ್ನ ತೊಡಿ ಮ್ಯಾಲ ಕುಂಡ್ರಿಸಿಕೊಂಡು ಇಂಥಾವ ನೋಡ್ರಿ. ಅವರಿಗೆ ಮಾತು ಬೆಳೀತದ, ಬುದ್ಧಿ ಬೆಳೀತದ. ನಿಮಗೂ ಅಕ್ಷರ ಕೂಡತಾವ.” ಅವನ ಕೈಯಲ್ಲಿದ್ದದ್ದು ಅದೇ ಪುಸ್ತಕ. ರಟ್ಟು ಇತ್ತು, ಹೊಸದಿತ್ತು, ಅಷ್ಟೇ ವ್ಯತ್ಯಾಸ. ಭಗವಂತರಾಯನ ಮೈಯಲ್ಲಿ ಒಂದು ಬಗೆಯ ಬಿಸಿ ಹರಿಯಿತು. ಹದಿನೈದು ದಿನ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತವನಿಗೆ ಕಡೆಗೂ ಬರುವ ಪಾಠವೊಂದು ಬಂದಿತ್ತು. ಬಾಯಿಪಾಠವೇ ಇದೆಯಲ್ಲ! “ನಾ ಓದತೀನ್ರಿ,” ಎಂದು ಅವನು ಎದ್ದು ನಿಂತಾಗ ಎಲ್ಲರೂ ತಿರುಗಿ ನೋಡಿದರು. ಅವನು ಪುಸ್ತಕ ತೆಗೆದುಕೊಂಡು, ತೆರೆದು, ಮಗಳಿಗೆ ಹೇಳುವ ದನಿಯಲ್ಲೇ ಶುರುಮಾಡಿದ. ತಾಯಿಕುರಿ ಮರಿಯನ್ನು ನೆಕ್ಕಿತು, ಊರು ನೋಡಿ ಬಾ ಅಂದಿತು. ಹುಡುಗಿ ಬೇಲಿ ಸರಿಸಿ ಮರಿಯನ್ನು ಎತ್ತಿಕೊಂಡಳು. ಕೋಣೆ ಸುಮ್ಮನಿತ್ತು. ಅದನ್ನು ಮೆಚ್ಚುಗೆ ಅಂದುಕೊಂಡು ಅವನು ಇನ್ನೊಂದು ಹಾಳೆ ಮಗುಚಿದ.

“ರಾಯ್ರ,” ಎಂದ ಬಾಗಿಲಲ್ಲಿ ನೀರಿನ ಕೊಡ ಇಳಿಸುತ್ತಿದ್ದ ಲಾಲಪ್ಪ, ನೋವಾಗದಿರಲಿ ಎಂಬಂತೆ ಮೆಲ್ಲಗೆ. “ಅದು ಕಡೀ ಹಾಳಿರಿ. ಹಿಂದಿನಿಂದ ತಗದೀರಿ.”

ನಗು ಮೊದಲು ಒಂದು ಮೂಲೆಯಲ್ಲಿ ಹುಟ್ಟಿ ಆಮೇಲೆ ತಟ್ಟಿನುದ್ದಕ್ಕೂ ಹರಡಿತು. ಮಾಸ್ತರ ನಗಲಿಲ್ಲ. ಪುಸ್ತಕವನ್ನು ಅವನ ಕೈಯಿಂದ ತೆಗೆದು, ತಿರುಗಿಸಿ, “ಹಿಂಗರಿ. ಉರ್ದು ಓದಿದ ಕೈ, ಎಲ್ಲಾರಿಗೂ ಆಗತದ,” ಎಂದು, ನಗುವನ್ನು ನಿಲ್ಲಿಸಲೆಂದೇ ಇರಬೇಕು, “ಲಾಲಪ್ಪಾ, ನೀ ಓದಪ್ಪ ಒಂದನೇ ಹಾಳಿ” ಅಂದ. ಲಾಲಪ್ಪ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಬಂದು, ಭಜನೆಯ ರಾಗ ಸೇರಿಕೊಂಡ ದನಿಯಲ್ಲಿ ಬೆರಳಿಟ್ಟು ಓದಿದ. “ದಾರಿ ತಪ್ಪಿದ ಮರಿ ಕಣ್ಣು ತೆರೆಯಿತು. ಎದುರಿಗೆ ಹಸಿದ ತೋಳ ನಿಂತಿತ್ತು. ಮರಿ ಗಡಗಡ ನಡುಗಿತು.” ಬೆರಳಿನ ಕೆಳಗೆ ಅದೇ ಎರಡು ಬಂಡೆ, ಅದೇ ಗವಿ, ಅದೇ ಚಾಚಿದ ನಾಲಿಗೆ. ಕೆಳಗಿನ ಗುರುತು ಸೊನ್ನೆಯಲ್ಲ, ಕನ್ನಡದ ಒಂದನೇ ಅಂಕಿ. ಮರಿ ಅಲ್ಲಿಂದ ತಪ್ಪಿಸಿಕೊಂಡು ಓಡುತ್ತದೆ, ಹಳ್ಳ ದಾಟುತ್ತದೆ, ನಾಯಿ ಬೊಗಳಿ ತೋಳವನ್ನು ಓಡಿಸುತ್ತದೆ, ಹುಡುಗಿ ಮರಿಯನ್ನು ಎದೆಗವಚಿಕೊಂಡು ಮನೆಗೆ ತಂದು ಬೇಲಿ ಮುಚ್ಚುತ್ತಾಳೆ. ಅವನು ನಾಲ್ಕು ತಿಂಗಳು, ದಿನಾ ಸಂಜೆ, ಆ ಬೇಲಿಯನ್ನು ತೆರೆದು ಮರಿಯನ್ನು ಗವಿಗೆ ಮುಟ್ಟಿಸಿ ಬಂದಿದ್ದ.

ಮೊದಲು ನಾಚಿಕೆಯೇ ಬಂದದ್ದು. ಕಿವಿ ಬಿಸಿಯಾಗಿ, ನಾಳೆಯಿಂದ ಇವರಿಗೆ ಮುಖ ತೋರಿಸುವುದು ಹೇಗೆ ಎಂಬ ಚಿಂತೆ ಬಂತು. ಜವಾನ ಓದುತ್ತಾನೆ, ಪೇಶಕಾರ ನಿಂತು ಕೇಳುತ್ತಾನೆ! ಆಮೇಲೆ, ಎಷ್ಟೋ ಹೊತ್ತಿನ ಮೇಲೆ, ಮುಂಜಾನೆ ಕೇಳಿಸಿಕೊಳ್ಳದ ಮಾತು ಕೇಳಿಸಿತು. ಹೆಜ್ಜಿ ನೋಡಬರ್ರಿ, ನನ್ನ ಅಂಗೈ ಅಷ್ಟ ಅವ. ಅದರ ಬೆನ್ನಿಗೇ ತನ್ನ ದನಿ: ಅಕಾ, ಆ ಎರಡು ದೊಡ್ಡ ಕಲ್ಲು ಕಾಣತಾವಲ್ಲ. ಚಾಚಿದ್ದ ತನ್ನ ಬೆರಳು ಅವನ ಕಣ್ಣ ಮುಂದೆ ನಿಂತಿತು. ರೇಣಿ ಯಾಕೆ ದಾರಿ ಕೇಳಿದಳು?

ಚಪ್ಪಲಿ ಮೆಟ್ಟಿಕೊಂಡನೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಹಿಂದಿನಿಂದ ಮಾಸ್ತರ “ರಾಯ್ರ, ಸಿಟ್ಟಾಗಬ್ಯಾಡ್ರಿ” ಎಂದು ಕೂಗಿದ್ದು ಕೇಳಿಸಿತು. ಸಂತೆಬೀದಿ ದಾಟಿ, ಮಸೀದಿಯ ಮುಂದಿನಿಂದ ಹಾಯ್ದು, ವಯಸ್ಸಿಗೂ ಕೋಟಿಗೂ ಒಪ್ಪದ ಓಟ ಓಡಿದ. ಎದುರಿಗೆ ಗುಡ್ಡ. ಹೊತ್ತು ಅದರ ಹಿಂದಕ್ಕೆ ಇಳಿದಿತ್ತು. ಎರಡು ಬಂಡೆಗಳ ನಡುವಿನ ಸಂದು ಮುಂಜಾನೆ ಬೆಳ್ಳಗಿತ್ತು, ಈಗ ಕಪ್ಪಗಿತ್ತು. ಅಷ್ಟು ದೂರದಲ್ಲಿ ಏನೋ ಅಲ್ಲಾಡಿದಂತೆ ಕಂಡಿತು, ಗಿಡವಿರಬೇಕು. ದೇವರೇ, ಅವಳೊಬ್ಬಳು ಮನೆಯಲ್ಲಿರಲಿ. ಅವಳೊಬ್ಬಳು ಇದ್ದರೆ ಸಾಕು, ಬೇರೆ ಏನು ಬೇಕಾದರೂ ಆಗಲಿ, ಹುಚ್ಚ ಅಂದರೂ ಅನ್ನಲಿ, ನೌಕರಿ ಹೋದರೂ ಹೋಗಲಿ. ಏನು ಬೇಕಾದರೂ ಆಗಲಿ ಎಂದು ಅವನು ಓಡುತ್ತ ಹತ್ತು ಸಲ ಹೇಳಿಕೊಂಡ.

ರೇಣಿ ಹೊಸ್ತಿಲ ಮೇಲೆ ಕೂತಿದ್ದಳು. ತೊಡೆಯ ಮೇಲೆ ಪುಸ್ತಕ.

ಅವನು ಅವಳನ್ನು ಬಾಚಿ ಅಪ್ಪಿಕೊಂಡ. ಕೂದಲಲ್ಲಿ ಎಣ್ಣೆಯ ವಾಸನೆ, ಮಣ್ಣಿನ ವಾಸನೆ. ಬದುಕಿದೆ ಅಂದುಕೊಂಡ, ಗಟ್ಟಿಯಾಗಿ ಅತ್ತೂಬಿಟ್ಟ. ಏದುಸಿರು ನಿಂತ ಮೇಲೆ ಪುಸ್ತಕ ತೆಗೆದುಕೊಂಡು ತಿರುಗಿಸಿ ಹಿಡಿದ. ಈಗಲೇ ಹೇಳಿಬಿಡಬೇಕು, ಈ ಗಳಿಗೆ ತಪ್ಪಿದರೆ ಮತ್ತೆ ಬಾಯಿ ಬರುವುದಿಲ್ಲ.

“ರೇಣವ್ವಾ, ಈ ಕಥಿ ಹಿಂಗಲ್ಲ. ನಾ ತಪ್ಪ ಹೇಳೀನಿ. ನನಗ ಓದಾಕ ಬರಂಗಿಲ್ಲ.”

“ಸಾಲ್ಯಾಗ ಮಾಸ್ತರೂ ಹಂಗ ಹೇಳತಾರ,” ಎಂದಳು ರೇಣಿ ಶಾಂತವಾಗಿ. “ತೋಳ ಕೆಟ್ಟದಂತ. ಅವರಿಗಿ ಗೊತ್ತಿಲ್ಲಪ್ಪ. ನೀ ಹೇಳಿದ್ದೇ ಖರೆ.”

ಒಳಗಿನಿಂದ ಗುರುಲಿಂಗಮ್ಮನ ದನಿ ಬಂತು. “ಜ್ವಾಳದ ರೊಟ್ಟಿ ಎರಡ ಕಮ್ಮಿ ಅವಲ್ಲ? ಯಾರ ತಗೊಂಡ್ರಿ?”

“ನಾ ಮೌನಿಗಿ ಕೊಟ್ಟೀನಿ, ಅತ್ತಿ.”

“ಮೌನಿಗ್ಯಾಕ?”

“ತೋಳಕ್ಕಗ ಒಯ್ಯಾಕ,” ಎಂದಳು ರೇಣಿ. ಆಮೇಲೆ ಅಪ್ಪನ ಕಡೆ ತಿರುಗಿ, ತಾನು ತಪ್ಪು ಮಾಡಿಲ್ಲ ಎಂದು ತೋರಿಸುವ ಆತುರದಲ್ಲಿ, “ಅಪ್ಪ ಬರಲಿ, ಕೂಡೇ ಹೋಗೋಣ ಅಂದೆ. ಅಕಿ ಕೇಳಲಿಲ್ಲ. ಮರಿ ಎತಗೊಂಡು ಮುಂದ ಹೋಗ್ಯಾಳ” ಎಂದಳು.

ಹಿತ್ತಲಾಚೆ “ಮೌನೀ” ಎಂಬ ಕೂಗು ಕೇಳಿಸಿತು. ಊಟಕ್ಕೆ ಕರೆಯುವ ತಾಯಿಯ ಸಾದಾ ಕೂಗು. ಸ್ವಲ್ಪ ಹೊತ್ತಿನ ಮೇಲೆ ಸುಗಲಮ್ಮ ಓಣಿಯಿಂದ ಸುತ್ತಿ ಮುಂದಿನ ಬಾಗಿಲಿಗೇ ಬಂದಳು. ಕೈಯಲ್ಲಿ ಖಾಲಿ ಬುಟ್ಟಿ ಇತ್ತು.

“ರಾಯ್ರ, ನಮ್ಮ ಮೌನಿ ನಿಮ್ಮ ಮನ್ಯಾಗ ಅದಾಳೇನ್ರಿ? ಬುಟ್ಟಿ ಅಂಗಾತ ಬಿದ್ದಿತ್ತು, ಮರೀನೂ ಇಲ್ಲ, ಹುಡುಗೀನೂ ಇಲ್ಲ. ಹೊತ್ತ ಮುಣಗಾಕತ್ತದ.”

ಭಗವಂತರಾಯ ಬಾಯಿ ತೆರೆದ. ಹೇಳಬೇಕಾದದ್ದು ನಾಲ್ಕೇ ಮಾತು, ಅವೂ ತಾಯಿಭಾಷೆಯವು. ಹೇಳಿದರೆ ಎಲ್ಲವನ್ನೂ ಹೇಳಬೇಕು; ಯಾರು ದಾರಿ ತೋರಿಸಿದರು, ಯಾರ ಕಥೆ. ಜೇಬಿನಲ್ಲಿ ನಾಲ್ಕು ದಿನ ಮಲಗಿದ್ದ ಕಾಗದದ ತೂಕ ಅವನ ಎದೆಯ ಮೇಲೆ ಬಂತು. ಸುಗಲಮ್ಮ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು, ಇನ್ನೂ ಹೆದರಿರಲಿಲ್ಲ,  ದೊಡ್ಡವರು ಏನೋ ಯೋಚಿಸುತ್ತಿದ್ದಾರೆ ಅಂದುಕೊಂಡಿದ್ದಳು.

ಅಪ್ಪನಿಗೆ ನೆನಪಾಗುತ್ತಿಲ್ಲ ಎಂದುಕೊಂಡ ರೇಣಿ ನೆರವಿಗೆ ಬಂದಳು. ಅವನ ಕೈಯಿಂದ ಪುಸ್ತಕ ತೆಗೆದುಕೊಂಡು, ಬಲಗಡೆಯಿಂದ ತೆರೆದು, ಒಂದೊಂದೇ ಹಾಳೆ ಮಗುಚಿ ಕಡೆಯ ಚಿತ್ರಕ್ಕೆ ಬಂದು, ಸುಗಲಮ್ಮನ ಮುಂದೆ ಎತ್ತಿ ಹಿಡಿದು ಬೆರಳಿಟ್ಟು ತೋರಿಸಿದಳು.

“ಇಲ್ಲಿಗಿ ಹೋಗ್ಯಾಳ, ಸುಗಲವ್ವ.”

ಸುಗಲಮ್ಮನಿಗೆ ಉರ್ದು ಬರುತ್ತಿರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ. ಯಾವ ಪುಸ್ತಕವನ್ನೂ ಅವಳು ಈವರೆಗೆ ಮುಟ್ಟಿ ನೋಡಿರಲಿಲ್ಲ. ಆದರೆ ಆ ಚಿತ್ರವನ್ನು ಓದಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಬಂಡೆ ನೋಡಿದಳು, ತೋಳ ನೋಡಿದಳು, ಮರಿ ನೋಡಿದಳು, ತಲೆಯೆತ್ತಿ ಗುಡ್ಡ ನೋಡಿದಳು. ಬುಟ್ಟಿ ಕೈಯಿಂದ ಜಾರಿತು. ಅವಳು ಏನನ್ನೂ ಕೇಳಲಿಲ್ಲ, ಸೀರೆ ಎತ್ತಿ ಕಟ್ಟಿ ಓಡಿದಳು. ಓಡುತ್ತಲೇ ಕೂಗಿದ ಅವಳ ಕೂಗಿಗೆ ಓಣಿಯ ಬಾಗಿಲುಗಳೆಲ್ಲ ತೆರೆದವು. ಬಡಿಗೆ ಹಿಡಿದ ಗಂಡಸರು ಹೊರಬಿದ್ದರು. ಗುರುಲಿಂಗಮ್ಮ ಎದೆ ಬಡಿದುಕೊಳ್ಳುತ್ತ ಹೊರಗೆ ಬಂದಳು. ಭಗವಂತರಾಯನೂ ಹೊರಟ, ಅಂಗಳ ದಾಟುವಷ್ಟರಲ್ಲಿ ಹಿಂದಿನಿಂದ ಮಗಳು ಅವನ ಕೋಟಿನ ಚುಂಗು ಹಿಡಿದು ಜಗ್ಗಿದಳು. ಅವಳ ಮುಖದಲ್ಲಿ ಮೊದಲ ಸಲ ಒಂದು ಅನುಮಾನ ಮೂಡಿತ್ತು.

“ಅಪ್ಪಾ, ಎಲ್ಲಾರೂ ಯಾಕ ಓಡಾಕತ್ತಾರ? ತೋಳಕ್ಕ ನಗಾಕತ್ತಾಳಂತ ನೀನ ಹೇಳಿದ್ದಿಲ್ಲ?”